ಮೈಕು ಬುಡೇನ್

ಮಂಡಕ್ಕಿ ಭಟ್ಟಿಯ ಹೊಗೆ ಕುಡಿದ ಗಂಟಲು.
ಹಗಲೆಲ್ಲ ಕಾದ ಮರಳಲ್ಲಿ ಅಕ್ಕಿ ಅರಳಿಸಿ
ಸಂಜೆ ಕುಸ್ತಿ ಅಖಾಡದ ಮೈಕಿಗೆ ಎರಡು ಸಲ ಊದಿ
"ಹಲೋ, ದಾವಣಗೆರೆ" ಅನ್ನುತ್ತಿದ್ದ.

ಸೋತವನನ್ನು ಸೋತ ಅನ್ನಲಿಲ್ಲ ಒಮ್ಮೆಯೂ.
"ಬೆನ್ನಿಗೆ ಮಣ್ಣು ಹತ್ತಿದೆ, ಅವ್ವ ಒರೆಸ್ತಾಳೆ ಬಿಡಿ."
ತನ್ನ ಮಗ ಚಿತ್ ಆದ ದಿನ ಮಾತ್ರ
ಇಷ್ಟೇ: "ಯಾರಾದ್ರೂ ನೀರು ಕೊಡ್ರಪ್ಪ."

ಕರೆಂಟು ಹೋದರೆ ಬರೀ ಬಾಯಲ್ಲೇ,
ಬೇವಿನಮರ ಹತ್ತಿದ ಹುಡುಗರಿಗೂ ಕೇಳುವಂತೆ.

ಡಾಕ್ಟರು ಗಂಟಲು ಕೊಯ್ದ ಮೇಲೆ
ಮೂರನೇ ಸಾಲಲ್ಲಿ ಕೂರುತ್ತಾನೆ.
ಹೊಸ ಹುಡುಗ ಕೂಗುತ್ತಾನೆ, ಚೆನ್ನಾಗಿಯೇ.
ಪಟ್ಟು ಬಿಗಿಯುವ ಹೊತ್ತಿಗೆ ಮಾತ್ರ
ನಾವು ಹಳಬರು ಅಖಾಡ ಬಿಟ್ಟು
ಬುಡೇನನ ಬೆರಳು ನೋಡುತ್ತೇವೆ.
ಖಾರ ಮಂಡಕ್ಕಿ ಪೊಟ್ಟಣದ ಮೇಲೆ
ಅದು ತಟ್ಟನೆ ನಿಂತಿತೋ,
ಯಾರೋ ಬಿದ್ದರು.