ಊಟದ ನಂತರ

ನಾನು ಸಂಘದ ಲೆಕ್ಕ ಬರೆಯುವವಳು.
ಹದಿನಾಲ್ಕು ಹೆಸರು, ವಾರಕ್ಕೆ ಐವತ್ತು ರೂಪಾಯಿ,
ಅಂಗನವಾಡಿಯ ಜಗಲಿ, ಗುರುವಾರ ಸಂಜೆ.
ಹತ್ತನೇ ಹೆಸರು ಹುಚ್ಚಮ್ಮ.
ದೇವಿಯ ಹೆಸರದು, ಅಜ್ಜಿಯ ಹರಕೆ;
ನಲವತ್ತು ವರ್ಷ ಯಾರೂ ಅದನ್ನು
ಕೊಂಕಿಸಿ ಕೂಗಿರಲಿಲ್ಲ,
ಆಸ್ಪತ್ರೆಯ ಚೀಟಿ ಅವಳ ಕೈಗೆ ಬರುವ ತನಕ.

ಮೊದಲು ಬಂದದ್ದು ಹೊಲಿಗೆ ಮಿಷನ್ನು.
ಪಂಚಾಯಿತಿಯವರು ಕೊಟ್ಟರು, ಫೋಟೋ ತೆಗೆದರು.
ಫೋಟೋದಲ್ಲಿ ಹುಚ್ಚಮ್ಮ ನೆಲ ನೋಡುತ್ತಿದ್ದಾಳೆ.
ಹಳೇ ಸೀರೆ ಹೊದಿಸಿ ಮೂಲೆಗೆ ನಿಲ್ಲಿಸಿದಳು.
ನಿಂತಿತು ಅದು ಒಂದೂವರೆ ವರ್ಷ,
ಕೂರು ಅನ್ನಿಸಿಕೊಳ್ಳದ ನೆಂಟಳ ಹಾಗೆ.
ಸೋಮಾರಿ ಅಂದೆವು. ನಾನೂ ಅಂದೆ.
ಚಾಪೆಯಿಂದ ಒಲೆಯವರೆಗಿನ ಎಂಟು ಹೆಜ್ಜೆ
ಅವಳಿಗೆ ಚಂದ್ರಗುತ್ತಿ ಗುಡ್ಡ ಹತ್ತಿದಷ್ಟು ಎಂದು
ನಮಗೆ ಯಾರು ಹೇಳಿದ್ದರು?

ಆಮೇಲೆ ಬಂದದ್ದು ಮಾತ್ರೆ.
ಸೊರಬದ ಆಸ್ಪತ್ರೆ, ತಿಂಗಳಿಗೊಮ್ಮೆ ಬರುವ ಡಾಕ್ಟರು.
ಮಾತ್ರೆ ಪುಕ್ಕಟೆ. ಹೆಂಗಸರಿಗೆ ಬಸ್ಸೂ ಪುಕ್ಕಟೆಯಂತೆ;
ನಮ್ಮೂರಿಗೆ ಬರುವುದು ಖಾಸಗಿ ಬಸ್ಸು,
ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ನಗುತ್ತಾನೆ.
ಹೋಗಿ ಬರಲು ತೊಂಬತ್ತು,
ಶುಂಠಿ ತೊಳೆಯುವ ಕೂಲಿ ಆ ದಿನಕ್ಕೆ ಖೋತಾ.
ಲಕೋಟೆಯ ಮೇಲೆ ನೀಲಿ ಪೆನ್ನಿನ ಅಕ್ಷರ:
ರಾತ್ರಿ, ಒಂದು, ಊಟದ ನಂತರ.
ನನ್ನಿಂದ ಓದಿಸಿಕೊಂಡಳು.
“ಉಣ್ಣದ ದಿನ ಯಾವಾಗ ನುಂಗದು ಅಕ್ಕಾ?”
ಲೆಕ್ಕ ಬಲ್ಲವಳು ನಾನು. ಉತ್ತರ ಬರಲಿಲ್ಲ.
ಎರಡನೇ ತಿಂಗಳು ಅವಳು ಬಸ್ಸು ಹತ್ತಲಿಲ್ಲ.

ಮೂರನೇ ಸಲ ಎರಡೂ ಒಟ್ಟಿಗೆ ಬಂದವು,
ಶಿರಾಳಕೊಪ್ಪದ ನಸೀಮಾಳ ಸ್ಕೂಟಿಯಲ್ಲಿ,
ಒಂದೇ ಚೀಲದಲ್ಲಿ ಡಾಕ್ಟರು ಬರೆದ ಮಾತ್ರೆ, ಹೊಸ ಪಾಸ್‌ಬುಕ್ಕು.
ತಿಂಗಳಿಗೆ ಸಾವಿರದೈನೂರು, ಹತ್ತು ತಿಂಗಳು,
ಸಾಲ ಅಲ್ಲ, ಹಿಂದೆ ಕೊಡುವುದು ಬೇಡ.
“ಹಿಂದೆ ಬೇಡ ಅಂದೋರು ಮುಂದೆ ಏನೋ ಕೇಳ್ತಾರೆ”
ಅಂದಳು ಗಿಡ್ಡಮ್ಮ.
ಇಪ್ಪತ್ತೈದು ವರ್ಷ ಬಡ್ಡಿ ಕಟ್ಟಿದ ನಾಲಿಗೆ ಅದು.

ಮಕ್ಕಳ ಚಾಪೆ ಹಾಸಿ, ಬಾಗಿಲು ಮುಂದೆ ಮಾಡಿ,
ನಸೀಮಾ ಒಂಬತ್ತು ಪ್ರಶ್ನೆ ಕೇಳಿದಳು.
ನನ್ನ ಕೈ ಹಿಡಿದು ಕೂರಿಸಿಕೊಂಡಿದ್ದಳು ಹುಚ್ಚಮ್ಮ.
ನಿದ್ದೆ, ಹಸಿವು, ಸುಸ್ತು, ಎಲ್ಲಕ್ಕೂ ಹೂಂ, ಹೂಂ.
ಒಂಬತ್ತನೆಯದಕ್ಕೆ
ಅನಾನಸ್ ಎಲೆ ಗೀರಿದ ಮುಂಗೈ ನೋಡಿಕೊಂಡು
“ಬಾವಿ ಹತ್ರ ಹೋಗಿದ್ದೆ” ಅಂದಳು,
“ಕೊಡ ಬಿಟ್ಟು.”
ಇದನ್ನು ನಾನು ಪುಸ್ತಕದಲ್ಲಿ ಬರೆಯಲಿಲ್ಲ.

ಪುಸ್ತಕದಲ್ಲಿ ಇರುವುದು ಇಷ್ಟು:
ಅಂಗಡಿ ಬಾಕಿ ಆರುನೂರ ನಲವತ್ತು.
ಅಕ್ಕಿ, ಒಣಮೀನು.
ಗಂಡ ಎತ್ತಿಕೊಂಡದ್ದು ಇನ್ನೂರು (ಬರಿ ಅಂದಳು, ಬರೆದೆ).
ಮಗಳಿಗೆ ಕೂದಲ ಕ್ಲಿಪ್ಪು, ಹದಿನೈದು.

ನಾಲ್ಕನೇ ತಿಂಗಳು ಮತ್ತೆ ಮಲಗಿದಳು, ಆರು ದಿನ.
ಮಾತ್ರೆ ಇತ್ತು. ಅಕ್ಕಿ ಇತ್ತು. ಆದರೂ.
ನಸೀಮಾ ಹೊಸಿಲಲ್ಲಿ ಕೂತು ಏನೂ ಕೇಳದೆ
ಅವರ ಮನೆಯ ಗಂಜಿ ಕುಡಿದು ಹೋದಳು.
ಏಳನೇ ದಿನ ಹುಚ್ಚಮ್ಮ ಸೀರೆ ಸರಿಸಿ
ಮಿಷನ್ನಿನ ಗಾಲಿಗೆ ಎಣ್ಣೆ ಬಿಟ್ಟಳಂತೆ.
ಹೊಲಿದದ್ದು ಇನ್ನೂ ಹೆಚ್ಚೇನಿಲ್ಲ:
ಶಾಲೆಯ ಎರಡು ಚೀಲದ ಪಟ್ಟಿ, ಗಿಡ್ಡಮ್ಮನ ಲಂಗ.

ಮೊನ್ನೆ ಲಕೋಟೆ ಹಿಡಿದು ಮತ್ತೆ ಬಂದಳು.
“ಓದು.”
ಊಟದ ನಂತರ, ಅಂದೆ.
“ಎಂಥ ಊಟ ಅಂತ ಬರ್ದಿಲ್ವಾ ಡಾಕ್ಟ್ರು?
ನಿನ್ನೆ ಮೀನು ಸಾರು ಮಾಡಿದ್ದೆ.”
ನಕ್ಕಳು. ಹಲ್ಲಿನ ಸಂದಿಯಲ್ಲಿ ಎಲೆಯಡಿಕೆಯ ಕೆಂಪು.

ಗುರುವಾರ ಎಲ್ಲರೂ ಎದ್ದು ಹೋದ ಮೇಲೆ
ಪುಸ್ತಕ ಮುಚ್ಚಿದೆ, ಪೆನ್ನಿಗೆ ಮುಚ್ಚಳ ಹಾಕಿದೆ.
ನಸೀಮಾ ಸ್ಕೂಟಿಯ ಕೀಲಿ ಹುಡುಕುತ್ತಿದ್ದಳು.
“ಹೊತ್ತಿದ್ದರೆ” ಅಂದೆ,
“ಆ ಒಂಬತ್ತನ್ನು ನನಗೂ ಒಂದು ಸಲ ಕೇಳು.”