ಇರುವೆ ಕಚ್ಚಿದ ಹಾಗೆ, ಅಷ್ಟೆ

ಕುದುರೆ ಕಂಡರೆ ಕಾಲುನೋವು ಅಂತ ಗಾದೆ.
ನನಗೆ ಹತ್ತಿದ ಮೇಲೆ ನೋವು, ಅದೂ ತೊಡೆಯ ಒಳಮೈಗೆ.
ಸಸಿಹಿತ್ಲು, ಭಾನುವಾರ, ಆರೂಕಾಲು.
ಉದುರಿದ ಗಾಳಿಮರದ ಸೂಜಿಗಳ ಮೇಲೆ
ನಾಲ್ಕು ಕುದುರೆ, ನಾಲ್ಕು ಜನ, ಒಂದು ಫ್ಲಾಸ್ಕು ಚಹಾ.

ಮುಂದೆ ಯಶೋಧರ, ಐಸ್‌ಪ್ಲಾಂಟು ಮಾರಿ ಲಾಯ ಕಟ್ಟಿದವನು,
ಆ ಮೇಲೆ ಮನೆಯಲ್ಲಿ ಮಾತುಕತೆ ಅಷ್ಟಕ್ಕಷ್ಟೆ.
ಹಮೀದನ ಕುದುರೆಗೆ ಹೊಟ್ಟೆಯದೊಂದೇ ಚಿಂತೆ:
ಕಂಡವರ ಬೇಲಿಯ ದಾಸವಾಳಕ್ಕೆಲ್ಲ ಬಾಯಿ ಹಾಕುತ್ತದೆ,
ಹಮೀದ ಬೇಲಿ ಬೇಲಿಗೂ ಕೈಯೆತ್ತಿ ಕ್ಷಮೆ ಕೇಳುತ್ತಾನೆ.
ಲವೀನಾಳ ಬಿಳಿಯ ಮುದುಕ ನಡೆಯುತ್ತಲೇ ನಿದ್ದೆ ಹೋಗುತ್ತಾನೆ.

ನನ್ನದು ಕೇಪುಳ.
ಹೆಸರು ಹೂವಿನದು, ಬಣ್ಣ ಹಳೇ ಹಂಚಿನದು,
ಯಾವ ರೇಸಿನಲ್ಲೂ ಗೆಲ್ಲದೆ ಲಾರಿಯಲ್ಲಿ ಘಟ್ಟ ಇಳಿದವಳು.
ದೂರ, ಶಾಂಭವಿಯ ಸೇತುವೆ ಮೇಲೆ ರೈಲು ಗುಡುಗಿಕೊಂಡು ಹೋಯಿತು;
ಅವಳು ಕಿವಿ ಸಹ ಅಲ್ಲಾಡಿಸಲಿಲ್ಲ, ಬೆಚ್ಚಿದ್ದು ನಾನು.
ಆದರೆ ಬಾವಿಕಟ್ಟೆಯ ಮೇಲೊಂದು ಪ್ಲಾಸ್ಟಿಕ್ ಚೊಂಬು,
ನಾಲ್ಕು ಕಾಲಿಗೂ ಬೇರೆ ಬೇರೆ ದಿಕ್ಕು.
ಕವುಚಿದ ದೋಣಿಗೆ ಹೊದೆಸಿದ ನೀಲಿ ಟಾರ್ಪಾಲು
ಒಮ್ಮೆ ಉಸಿರೆಳೆದುಕೊಂಡದ್ದೇ ಸಾಕು,
ಅವಳ ಎದೆ ನನ್ನ ಮೊಣಕಾಲಲ್ಲಿ ಬಡಿಯತೊಡಗಿತು.
ಮೀನು ಒಣಗಿಸುವ ಹೆಂಗಸು ಕೊಡೆ ಬಿಚ್ಚುವವಳಿದ್ದಳು,
ನಮ್ಮನ್ನು ನೋಡಿ ಮಡಚಿ ಕಂಕುಳಲ್ಲಿಟ್ಟಳು.
ಆ ಉಪಕಾರ ಮರೆಯಲಾರೆ.

"ಡಾಕ್ಟ್ರೇ, ಲಗಾಮು ಎಳೀಬೇಡಿ," ಯಶೋಧರ ತಿರುಗದೆಯೇ ಹೇಳಿದ.
ಎಳೆಯುತ್ತಿರಲಿಲ್ಲ, ಹಿಡಿದಿದ್ದೆ,
ತಿರುವಿನಲ್ಲಿ ಬಸ್ಸಿನ ಕಂಬಿ ಹಿಡಿಯುವ ಹಾಗೆ.
"ಅದರ ಆ ತುದಿ ಎಲ್ಲುಂಟು ಹೇಳಿ?"

ಬಾಯಲ್ಲಿ.
ಹತ್ತೊಂಬತ್ತು ವರ್ಷದಿಂದ ಹಂಪನಕಟ್ಟೆಯಲ್ಲಿ
ಬಾಯಿ ನೋಡಿಯೇ ಉಣ್ಣುವವಳು ನಾನು.
ಮುಂದಿನ ಹಲ್ಲಿಗೂ ದವಡೆಹಲ್ಲಿಗೂ ನಡುವೆ ಕುದುರೆಗೆ
ಹಲ್ಲೇ ಇಲ್ಲದ ಒಂದು ಓಣಿ ಉಂಟು;
ಅಲ್ಲಿ, ಬರೀ ವಸಡಿನ ಮೇಲೆ, ಕಬ್ಬಿಣ.
ಈ ತುದಿಯಲ್ಲಿ ನನ್ನ ಮುಷ್ಟಿ.
ದಿನಕ್ಕೆ ಹದಿನೈದು ಜನಕ್ಕೆ ಸೂಜಿ ಎತ್ತಿ ಹಿಡಿದು
ಇರುವೆ ಕಚ್ಚಿದ ಹಾಗೆ, ಅಷ್ಟೆ, ಎನ್ನುತ್ತೇನೆ.
ಇರುವೆ ಯಾರೆಂದು ಯಾರೂ ಕೇಳಿದ್ದಿಲ್ಲ.

ತೋಡು ಬಂತು. ಮೂರಡಿ ಅಗಲ, ಬೆರಳುದ್ದದ ಮೀನು,
ಶಾಲೆಯ ಮಕ್ಕಳು ಚೀಲ ಬೆನ್ನಿಗಿದ್ದೇ ಹಾರುವ ನೀರು.
ಮೂರೂ ಕುದುರೆ ದಾಟಿದವು. ಕೇಪುಳ ನಿಂತಳು.
ನಾನು ಹಿಮ್ಮಡಿ ಒತ್ತಲಿಲ್ಲ. ಧೈರ್ಯ ಹೇಳಲಿಲ್ಲ.
ಒಂದೊಂದೇ ಬೆರಳು ಸಡಿಲಿಸಿದೆ;
ಕಿರುಬೆರಳು ಒಪ್ಪಲಿಲ್ಲ, ಅದಕ್ಕೂ ಸಮಯ ಕೊಟ್ಟೆ.
ಆಚೆ ದಡದಲ್ಲಿ ಲವೀನಾ ಚಹಾ ಸುರಿದಳು, ಕುಡಿದಳು,
ಕಿನ್ನಿಗೋಳಿಯ ಯಾವುದೋ ಮದುವೆಯ ಊಟದ ಕತೆ ತೆಗೆದಳು,
ಹಮೀದ ಅಲ್ಲಿನ ಬಿರಿಯಾನಿಯ ಬಗ್ಗೆ ತಕರಾರೆತ್ತಿದ.
ಬೇಕೆಂದೇ ಯಾರೂ ನಮ್ಮತ್ತ ನೋಡಲಿಲ್ಲ.

ಕೇಪುಳ ಕುತ್ತಿಗೆ ಇಳಿಸಿದಳು. ಮೂಸಿದಳು. ಊದಿದಳು.
ನೀರಲ್ಲಿದ್ದ ಇನ್ನೊಬ್ಬ ಕೇಪುಳ ಚೂರುಚೂರಾದಳು,
ಮತ್ತೆ ಕೂಡಿಕೊಳ್ಳುವುದರೊಳಗೆ
ಹಾರಿದಳು,
ಮೂರಡಿಗೆ ಹನ್ನೆರಡು ಅಡಿಯ ಜಿಗಿತ!
ಒಂದು ರಿಕಾಬು ತಪ್ಪಿತು, ಕನ್ನಡಕ ಒಂದು ಕಿವಿಗೆ ತೂಗಿತು,
ನನ್ನ ಬಾಯ್ತುಂಬ ಅವಳ ಜೂಲು, ಉಪ್ಪುಪ್ಪು.
ನಗಲಿಕ್ಕೆ ಬಗ್ಗಿದ ಹಮೀದ ಬಹಳ ಹೊತ್ತು ಏಳಲಿಲ್ಲ.
ಚಹಾ ತಣ್ಣಗಾಗಿತ್ತು. ಕುಡಿದೆ.

ಬಿಸಿಲೇರುವ ಮುಂಚೆ ಹಿಂದಿರುಗಿದೆವು, ಅದೇ ದಾರಿ,
ಅದೇ ತೋಡು.
ಕೇಪುಳ ಮತ್ತೆ ನಿಂತಳು.
ಈ ಬದಿಯಿಂದ ಅದು ಬೇರೆಯೇ ತೋಡು.
"ಫ್ಲಾಸ್ಕು ಖಾಲಿ ಮಾರಾಯ್ತಿ," ಲವೀನಾ ಕೂಗಿದಳು,
"ಈ ಸಲ ಸ್ವಲ್ಪ ಬೇಗ."
ನಾನು ಕಿರುಬೆರಳಿನಿಂದ ಶುರು ಮಾಡಿದೆ.