ಆರು ಎಸಳು

ಹಸಿರುಮಕ್ಕಿಯ ದಡ ಬಿಟ್ಟು ಹತ್ತು ನಿಮಿಷ.
ಮುಳ್ಳು ಎಂಬತ್ತೆರಡು ದಾಟಿ, ತೊಂಬತ್ತು ದಾಟಿ
ಕೆಂಪು ಗೆರೆಯ ಹೊಸ್ತಿಲಲ್ಲಿ ನಿಂತಿತು.
ಮೇಲೆ ಒಂದು ಬಸ್ಸು, ಮೂರು ಬೈಕು,
ಕೋಳಿಮರಿಯ ಟೆಂಪೋ, ಅದರ ತುಂಬ ಕಿಚಿಪಿಚಿ.
ಕೆಳಗೆ ನಾನು, ಇನಾಸಣ್ಣ,
ಮುಟ್ಟಲಾಗದಷ್ಟು ಕಾದ ಕಬ್ಬಿಣ.

"ನಿಲ್ಲಿಸಲಾ?" ಅಂದೆ, ಬೆರಳು ಆಗಲೇ ಗುಂಡಿಯ ಮೇಲೆ.
"ಬೇಡ ಮಾರಾಯ್ತಿ,
ಕಾದದ್ದನ್ನು ತಟ್ಟನೆ ನಿಲ್ಲಿಸಿದರೆ ಕಚ್ಚಿಕೊಳ್ತದೆ.
ಭಾರ ಇಳಿಸು. ಉಸಿರಾಡಲಿ ಅದು."
ಸದ್ದು ತಗ್ಗಿತು. ಹಿನ್ನೀರಿನ ನಡುವೆ ಲಾಂಚು
ಮನೆಗೆ ಹೋಗಲೊಲ್ಲದ ಎಮ್ಮೆಯ ಹಾಗೆ ನಿಂತುಬಿಟ್ಟಿತು.

ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಕೈ ಚಾಚಿದೆ.
ಮೊಣಕೈಗೆ ಪಟ್ಟನೆ ಒಂದೇಟು.
ತನ್ನ ಕತ್ತಿನ ಬಿಳಿ ಸುಟ್ಟಕಲೆ ತೋರಿಸಿದ,
ಮಾತಾಡಲಿಲ್ಲ.

ಶಿವಮೊಗ್ಗದ ಐಟಿಐಯಲ್ಲಿ ಉರುಹೊಡೆದ ಪಟ್ಟಿ
ತಲೆಯೊಳಗೆ ಗಡಗಡ ಉರುಳುತ್ತಿತ್ತು:
ಬೆಲ್ಟು, ಥರ್ಮೋಸ್ಟಾಟು, ಗ್ಯಾಸ್ಕೆಟ್ಟು.
ಅವನು ಕಿಂಡಿಯಿಂದ ಹೊರಗೆ ಬಗ್ಗಿ ನೋಡಿದ.
ದಿನಾ ಹೆಬ್ಬೆರಳು ಗಾತ್ರ ಧುಮುಕುವ ನೀರು
ಇವತ್ತು ಮುದುಕನ ಉಚ್ಚೆ,
ಬಿಟ್ಟು ಬಿಟ್ಟು.
"ಒಳನೀರಿಗೇನೂ ಆಗಲಿಲ್ಲ. ಹೊಳೆನೀರು ಬರ್ತಾ ಇಲ್ಲ."

ಮೇಲೆ ಆಗಲೇ ನೂರು ವೈದ್ಯರು.
ಡೀಸೆಲ್ ಮುಗಿಯಿತಾ? ಗಾಳಿ ಎಳೆಯಿತಾ?
ಬೆಳಿಗ್ಗೆ ಚೌಡಿಗೆ ಕಾಯಿ ಒಡೆದಿರಲಿಲ್ಲವಾ?
ಟೆಂಪೋದ ಜಬ್ಬಾರ ಮಾತ್ರ ಒಂದೇ ಮಾತು ಕೂಗಿದ:
"ಅಕ್ಕಾ, ಮರಿ ಸಾಯ್ತವೆ!"

ತಣಿಯಲು ಬಿಟ್ಟು, ನಿಲ್ಲಿಸಿ, ಕವಾಟ ತಿರುಗಿಸಿ
ಜಾಲರಿ ಎತ್ತಿದೆ.
ಮೇ ತಿಂಗಳ ಕೆಸರು, ಮುಳುಗಿದ ಮರದ ಕೊಳೆತ ನಾರು,
ಶಾಂಪೂವಿನ ಒಂದು ಚೀಟಿ,
ಜೀವವಿದ್ದ ಏಡಿಮರಿ.
ತಪ್ಪು ನನ್ನದೇ ಎನ್ನುವಂತೆ ಕೊಂಬು ಎತ್ತಿತು.
ತೊಳೆದೆ. ಹಾಕಿದೆ. ಗೆದ್ದೆ ಅಂದುಕೊಂಡೆ.
ತೊಂಬತ್ತನಾಲ್ಕು.

ಇನ್ನು ಪಂಪು. ನಾಲ್ಕು ಸ್ಕ್ರೂ.
ಒಳಗೆ ರಬ್ಬರಿನ ಕರಿ ಹೂವು,
ಇರಬೇಕಾದದ್ದು ಆರು ಎಸಳು, ಇದ್ದದ್ದು ನಾಲ್ಕು.
ಹಳೆಯ ಪೇಪರಿನಲ್ಲಿ ಸುತ್ತಿಟ್ಟ ಹೊಸ ಹೂವು
ಪೆಟ್ಟಿಗೆಯಲ್ಲೇ ಇತ್ತು.
ಖುಷಿಯಿಂದ ಒತ್ತಿ ಕೂರಿಸಹೊರಟೆ.
ಅವನು ಮಣಿಕಟ್ಟು ಹಿಡಿದ.
"ಮುರಿದ ಎರಡು ಎಲ್ಲಿ?"
"ಎಲ್ಲಿಗೋ ಹೋಗಿರಬೇಕು."
"ಎಲ್ಲಿಗೋ ಅನ್ನುವ ಊರು ಎಂಜಿನ್ನಿನ ಒಳಗಿಲ್ಲ."

ಮಗುವಿನ ಜ್ವರ ನೋಡುವ ಹಾಗೆ
ಅಂಗೈ ಅಲ್ಲ, ಕೈಯ ಬೆನ್ನು ತಾಗಿಸಿ
ಕೊಳವೆಯುದ್ದಕ್ಕೂ ನಡೆದ.
ಇಲ್ಲಿ ಸುಡುತ್ತದೆ. ಇಲ್ಲಿಯೂ.
ಇಲ್ಲಿಂದಾಚೆ, ನೋಡು, ತಣ್ಣಗೆ.
ಕೂಲರಿನ ಮುಚ್ಚಳ ಬಿಚ್ಚಿದರೆ
ಸಣ್ಣ ಸಣ್ಣ ನಳಿಗೆಗಳ ಬಾಯಿಗೆ
ಅಡ್ಡ ಮಲಗಿತ್ತು ಒಂದು ಎಸಳು,
ನಾಲಗೆಯ ಹಾಗೆ ಮೆತ್ತಗೆ.

ಇನ್ನೊಂದು ಸಿಗಲಿಲ್ಲ.
ತಂತಿ ತೂರಿಸಿದೆವು, ಟಾರ್ಚು ಹಿಡಿದೆವು, ಊದಿದೆವು.
ಮೇಲೆ ಕಿಚಿಪಿಚಿ ಕಡಿಮೆಯಾಗುತ್ತಿತ್ತು,
ಅದು ಕೂಗಾಟಕ್ಕಿಂತ ಜೋರಾಗಿ ಕೇಳಿತು.
"ಸಾಕು, ಮುಚ್ಚು," ಅಂದ. ಸ್ವರ ಅವನದಲ್ಲ.

ಎಂಬತ್ತೆರಡು.
ಜನ ಇಳಿದರು, ಬಸ್ಸು ಇಳಿಯಿತು.
ಜಬ್ಬಾರ ಕಟ್ಟೆಯ ಮೇಲೆ ಸತ್ತ ಹನ್ನೊಂದು ಮರಿಗಳನ್ನು
ಸಾಲಾಗಿ ಇಟ್ಟು, ಎರಡು ಸಲ ಎಣಿಸಿ,
ನಮಗೆ ಬಯ್ಯದೆ ಹೋದ.

ಸಂಜೆ ಲಾಗ್ ಪುಸ್ತಕದಲ್ಲಿ ಬರೆದೆ:
ಕಾರಣ, ಎಸಳು ಮುರಿದದ್ದು. ಸಿಕ್ಕಿದ್ದು, ಒಂದು.
ಪೆನ್ನು ಮುಚ್ಚುವಾಗ ಇನಾಸಣ್ಣ
ಎಣ್ಣೆಗೈಯನ್ನು ಹಾಳೆಯ ಮೇಲಿಟ್ಟ,
ಗುರುತು ಈಗಲೂ ಇದೆ.
"ಸಿಗದ್ದನ್ನೂ ಬರೆ."